ಆರು ಶಾಯಿಯ ಲೆಕ್ಕ

ಮನೆಗೆ ಪ್ರಿಂಟರ್ ಬೇಕೆಂದು ಅಂಗಡಿಗೆ ಹೋದರೆ ಮೊದಲು ಕಾಣಿಸುವುದು ಸ್ಕ್ಯಾನರ್, ಜೆರಾಕ್ಸ್, ವೈಫೈ ಎಲ್ಲ ಸೇರಿದ ನಾಲ್ಕು ಬಣ್ಣದ ಇಂಕ್ ಟ್ಯಾಂಕ್ ಯಂತ್ರ. ‘ಫೋಟೊನೂ ಬರುತ್ತಾ?’ ಎಂದು ಕೇಳಿದರೆ ‘ಸೂಪರಾಗಿ ಬರುತ್ತೆ ಸಾರ್’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಬರುವುದೇನೋ ನಿಜ. ಆದರೆ ಅದು ಮಕ್ಕಳ ಪ್ರಾಜೆಕ್ಟ್ ವರ್ಕಿಗೆ, ಆಧಾರ್ ನಕಲಿಗೆ ಹೇಳಿ ಮಾಡಿಸಿದ ಯಂತ್ರವೇ ಹೊರತು ಆಲ್ಬಮ್ಮಿಗೆ ಸೇರುವ ಚಿತ್ರಕ್ಕಲ್ಲ. ಡಬ್ಬದ ಮೇಲಿನ ಡಿಪಿಐ (ಇಂಚಿಗೆ ಎಷ್ಟು ಚುಕ್ಕಿ) ಅಂಕಿಯಿಂದ ಇದು ಗೊತ್ತಾಗುವುದಿಲ್ಲ. ಶಾಯಿಯ ಬಾಟಲಿ ಎಷ್ಟು ಎಂದು ಎಣಿಸಬೇಕು.

ಈ ಯಂತ್ರಗಳಲ್ಲಿ ಬಿಳಿ ಶಾಯಿ ಇರುವುದಿಲ್ಲ. ತಿಳಿ ಬಣ್ಣ ಬೇಕಾದಾಗ ಹನಿಗಳನ್ನು ದೂರ ದೂರ ಉದುರಿಸಿ, ನಡುನಡುವೆ ಕಾಗದದ ಬಿಳುಪನ್ನೇ ಉಳಿಸಿಕೊಳ್ಳುತ್ತವೆ. ನಾಲ್ಕು ಶಾಯಿಯಲ್ಲಿ ಮುದ್ರಿಸಿದ ಮಗುವಿನ ಮುಖವನ್ನು ಭೂತಗನ್ನಡಿ ಹಿಡಿದು ನೋಡಿ. ಬೆಳಕು ಬಿದ್ದ ಕೆನ್ನೆಯ ಮೇಲೆ ಗಾಢ ಮೆಜೆಂಟಾ ಚುಕ್ಕಿಗಳು ರವೆ ಚೆಲ್ಲಿದಂತೆ ಹರಡಿರುತ್ತವೆ. ಬರಿಗಣ್ಣಿಗೆ ಚುಕ್ಕಿ ಕಾಣದಿದ್ದರೂ ಚರ್ಮ ಒರಟೆನಿಸುತ್ತದೆ, ಸಂಜೆಯ ಆಕಾಶ ಪಟ್ಟೆಪಟ್ಟೆಯಾಗುತ್ತದೆ. ಎಪ್ಸನ್ ಎಲ್8050ರಂಥ ಆರು ಬಣ್ಣದ ಯಂತ್ರದಲ್ಲಿ ತಿಳಿ ಸಯಾನ್, ತಿಳಿ ಮೆಜೆಂಟಾ ಎಂಬ ಎರಡು ಶಾಯಿ ಹೆಚ್ಚಿಗೆ ಇರುವುದು ಇದೇ ಕಾರಣಕ್ಕೆ. ತೆಳು ಶಾಯಿಯ ಹನಿಗಳು ಒತ್ತೊತ್ತಾಗಿ ಬಿದ್ದು ಕೆನ್ನೆ ನುಣುಪಾಗುತ್ತದೆ. ಬೆಲೆ ₹20,000ದಿಂದ ₹25,000ದ ಆಸುಪಾಸು, ಸ್ಕ್ಯಾನರ್ ಇಲ್ಲ. ಪಾಸ್‌ಪೋರ್ಟ್ ಫೋಟೊ, ಪಿವಿಸಿ ಕಾರ್ಡ್ ಮುದ್ರಿಸುವ ಅಂಗಡಿಗಳಲ್ಲಿ ಈ ಸಾಲಿನ ಯಂತ್ರಗಳೇ ಹೆಚ್ಚಾಗಿ ಕಾಣುವುದು ಸುಮ್ಮನೆ ಅಲ್ಲ.

ಕ್ಯಾನನ್ ಪಿಕ್ಸ್‌ಮಾ ಜಿ570ರಲ್ಲೂ ಆರು ಶಾಯಿ ಇವೆ, ಆದರೆ ಆಯ್ಕೆ ಬೇರೆ. ಅಲ್ಲಿ ಹೆಚ್ಚುವರಿಯಾಗಿ ಬರುವುದು ಕೆಂಪು ಮತ್ತು ಬೂದು. ರೇಷ್ಮೆ ಸೀರೆಯ ಕೆಂಪಿಗೆ ತೂಕ ಬರಬೇಕು, ಅಜ್ಜ-ಅಜ್ಜಿಯ ಕಪ್ಪು ಬಿಳುಪು ಚಿತ್ರಕ್ಕೆ ಹಸಿರು ಛಾಯೆ ಅಂಟಬಾರದು ಎನ್ನುವವರಿಗೆ ಇದು ಹಿಡಿಸೀತು. ಮುಖಗಳೇ ಹೆಚ್ಚಿರುವ ಮನೆಗೆ ನನ್ನ ಮತ ಎಪ್ಸನ್ನಿನ ಕಡೆಗೆ.

5760 ಡಿಪಿಐ ಎಂಬ ಜಾಹೀರಾತಿನ ಅಂಕಿ ಹನಿಗಳನ್ನು ಎಷ್ಟು ಒತ್ತಾಗಿ ಇಡಬಹುದು ಎನ್ನುತ್ತದೆಯೇ ಹೊರತು ಚಿತ್ರದ ವಿವರಕ್ಕೂ ಅದಕ್ಕೂ ನೇರ ಸಂಬಂಧವಿಲ್ಲ. 4x6 ಇಂಚಿನ ಚಿತ್ರಕ್ಕೆ ಇಂಚಿಗೆ 300ರಂತೆ 1200x1800 ಪಿಕ್ಸೆಲ್ ಸಾಕು. ಸಾಧಾರಣ ಮೊಬೈಲೂ ಅದಕ್ಕಿಂತ ಹೆಚ್ಚು ಕೊಡುತ್ತದೆ. ಆದರೆ ವಾಟ್ಸ್‌ಆ್ಯಪ್‌ನಲ್ಲಿ ಹತ್ತು ಕೈ ದಾಟಿ ಸೊರಗಿದ ಚಿತ್ರವನ್ನು ಎ4 ಅಳತೆಗೆ ಹಿಗ್ಗಿಸಿ ಪ್ರಿಂಟರನ್ನು ಬೈಯುವುದು ಅನ್ಯಾಯ.

ಕಾಗದದ ವಿಷಯದಲ್ಲಿ ಮಾತ್ರ ಜುಗ್ಗತನ ಸಲ್ಲ. ಸಾದಾ ಹಾಳೆಯಲ್ಲಿ ಶಾಯಿ ಒಳಗೆ ಇಂಗಿ ಬಣ್ಣ ಮಂಕಾಗುತ್ತದೆ. ಲೇಪನವಿರುವ ಫೋಟೊ ಕಾಗದದಲ್ಲಿ ಅದು ಮೇಲ್ಪದರದಲ್ಲೇ ನಿಲ್ಲುತ್ತದೆ. ಯಾವ ಕಾಗದ ಹಾಕಿದ್ದೇವೆಂದು ಸೆಟ್ಟಿಂಗಿನಲ್ಲಿ ಆರಿಸುವುದನ್ನು ಮರೆತರೆ ದುಬಾರಿ ಕಾಗದವೂ ವ್ಯರ್ಥ, ಏಕೆಂದರೆ ಎಷ್ಟು ಶಾಯಿ ಸುರಿಯಬೇಕೆಂದು ಯಂತ್ರ ನಿರ್ಧರಿಸುವುದು ಅದನ್ನು ನೋಡಿಯೇ. ಈ ಆರು ಬಣ್ಣದ ಯಂತ್ರಗಳ ಡೈ ಶಾಯಿ ಬಿಸಿಲಿಗೂ ಗಾಳಿಗೂ ಮಾಸುತ್ತದೆ, ಹಾಗಾಗಿ ಗೋಡೆಗೆ ಹಾಕುವ ಚಿತ್ರಕ್ಕೆ ಗಾಜಿನ ಕಟ್ಟು ಬೇಕೇ ಬೇಕು.

ಇನ್ನು ದುಡ್ಡಿನ ಮಾತು. ಸ್ಟುಡಿಯೊದಲ್ಲಿ ಒಂದು ಪ್ರತಿಗೆ ₹15, ಮನೆಯಲ್ಲಿ ಕಾಗದ-ಶಾಯಿ ಸೇರಿ ₹7 ಎಂದಿಟ್ಟುಕೊಳ್ಳೋಣ. ₹24,000ದ ಯಂತ್ರದ ಅಸಲು ಹುಟ್ಟಲು 3,000 ಚಿತ್ರ ಮುದ್ರಿಸಬೇಕು. ತಿಂಗಳಿಗೆ 20ರಂತೆ ಹನ್ನೆರಡೂವರೆ ವರ್ಷ! ಅಷ್ಟು ಕಾಲ ಯಂತ್ರ ಬಾಳುತ್ತದೆಂದು ಯಾರೂ ಎದೆ ತಟ್ಟಿ ಹೇಳಲಾರರು. ಅದರ ಮೇಲೆ, ಬಳಸದೆ ಬಿಟ್ಟರೆ ಹನಿ ಉದುರಿಸುವ ಹೆಡ್ಡಿನಲ್ಲಿ ಶಾಯಿ ಒಣಗಿ ಕಟ್ಟುತ್ತದೆ. ಪ್ರತಿ ಸಲ ಕ್ಲೀನಿಂಗ್ ಮಾಡಿದಾಗಲೂ ಒಂದಿಷ್ಟು ಶಾಯಿ ಚಿತ್ರ ಕಾಣದೆಯೇ ತ್ಯಾಜ್ಯದ ಪಾಲಾಗುತ್ತದೆ. ವಾರಕ್ಕೊಂದಾದರೂ ಬಣ್ಣದ ಹಾಳೆ ಹೊರಡಿಸದ ಮನೆಗೆ ಇಂಕ್‌ಜೆಟ್ ಫೋಟೊ ಪ್ರಿಂಟರ್ ಅಗ್ಗವೆಂಬುದು ಭ್ರಮೆ.

ಅಪರೂಪಕ್ಕೆ ಮುದ್ರಿಸುವವರಿಗೆ ಕ್ಯಾನನ್ ಸೆಲ್ಫಿಯಂಥ ಪುಟ್ಟ ಡೈ-ಸಬ್ಲಿಮೇಷನ್ ಯಂತ್ರ ಹೆಚ್ಚು ಹೊಂದುತ್ತದೆ. ಅದು ರಿಬ್ಬನ್ನಿನ ಬಣ್ಣವನ್ನು ಬಿಸಿಯಿಂದ ಹಾಳೆಗೆ ಇಳಿಸುತ್ತದೆ, ಹಾಳೆ ನಾಲ್ಕು ಬಾರಿ ಒಳಹೊರಗೆ ಓಡಾಡುತ್ತದೆ. ಮೊದಲು ಬರೀ ಹಳದಿ ಚಿತ್ರ, ಆಮೇಲೆ ಮೆಜೆಂಟಾ ಕೂಡಿ ಮುಖಗಳು ಕೆಂಪೇರುತ್ತವೆ, ಸಯಾನ್ ಬಿದ್ದೊಡನೆ ಎಲ್ಲ ಬಣ್ಣ ಸರಿಹೋಗುತ್ತದೆ, ಕೊನೆಗೆ ಪಾರದರ್ಶಕ ಲೇಪನ. ಬಿಸಿಗೆ ತಕ್ಕಂತೆ ಬಣ್ಣದ ಗಾಢತೆಯೇ ಬದಲಾಗುವುದರಿಂದ ಚುಕ್ಕಿಯ ರಗಳೆಯಿಲ್ಲ. ಕೇವಲ 300 ಡಿಪಿಐನಲ್ಲೇ ಕೆನ್ನೆ ಕೆನ್ನೆಯಂತೆ ಕಾಣುತ್ತದೆ. ಆರು ತಿಂಗಳು ಮೂಲೆಯಲ್ಲಿಟ್ಟರೂ ಒಣಗಲು ಅದರಲ್ಲಿ ದ್ರವ ಶಾಯಿಯೇ ಇಲ್ಲ. ಕೊರತೆಗಳೂ ಸ್ಪಷ್ಟ: ಪೋಸ್ಟ್‌ಕಾರ್ಡಿಗಿಂತ ದೊಡ್ಡ ಚಿತ್ರ ಬಾರದು, ಕಾಗದ-ರಿಬ್ಬನ್ನಿನ ಪ್ಯಾಕನ್ನು ಜೊತೆಯಾಗಿಯೇ ಕೊಳ್ಳಬೇಕು, ಪ್ರತಿಯೊಂದರ ಖರ್ಚು ಸ್ಟುಡಿಯೊ ದರವನ್ನು ದಾಟೀತು.

ಹಾಗಾಗಿ ಉಳಿತಾಯಕ್ಕೆಂದು ಫೋಟೊ ಪ್ರಿಂಟರ್ ಕೊಳ್ಳಬೇಡಿ, ಆ ಕೆಲಸಕ್ಕೆ ಬೀದಿಯ ಸ್ಟುಡಿಯೊ ಸಾಕು. ಕಾಗದ ಬದಲಿಸಿ, ಬಣ್ಣ ತಿದ್ದಿ, ಮತ್ತೆ ಮತ್ತೆ ಮುದ್ರಿಸಿ ನೋಡುವ ಹುಚ್ಚಿದ್ದವರಿಗೆ ಆರು ಶಾಯಿಯ ಯಂತ್ರ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಕೊಳ್ಳುವ ಮುನ್ನ ನಿಮ್ಮ ಮನೆಯವರದೇ ಒಂದು ಮುಖದ ಚಿತ್ರವನ್ನು ಅಂಗಡಿಯಲ್ಲೇ ಮುದ್ರಿಸಿಕೊಡಲು ಕೇಳಿ. ಕಂಪನಿಯ ಹೂದೋಟದ ಮಾದರಿ ಚಿತ್ರ ಎಲ್ಲ ಯಂತ್ರದಲ್ಲೂ ಚೆನ್ನಾಗಿಯೇ ಬರುತ್ತದೆ.