ಮಳೆಯ ಆಚರಣೆಗಳು ಮತ್ತು ಪ್ರಕೃತಿಯ ಸ್ವಾತಂತ್ರ್ಯ: ಒಂದು ವಿವೇಚನೆ

ಪ್ರಕೃತಿಯು ದೇವರ ಹಂಗಿಲ್ಲದೆ ತನ್ನಷ್ಟಕ್ಕೆ ತಾನೇ ನಡೆಯುತ್ತದೆಯೇ ಎಂಬುದು ಬಹು ಹಳೆಯ ಪ್ರಶ್ನೆ. ವಿಜ್ಞಾನವು ಇದಕ್ಕೆ ಈಗಾಗಲೇ ಉತ್ತರ ಹೇಳಿದೆ ಎಂಬ ಗ್ರಹಿಕೆ ಜಾನಪದ ಅಧ್ಯಯನದಲ್ಲಿ ಬಹುಕಾಲದಿಂದ ಬೇರೂರಿದೆ. ಮಳೆಗಾಗಿ ನಡೆಯುವ ಆಚರಣೆಗಳ ವಿವೇಚನೆಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಗುರ್ಜಿ, ಮಳೆರಾಯ, ಕಪ್ಪೆಯ ಮದುವೆ ಮೊದಲಾದವು ನಿಸರ್ಗನಿಯಮವನ್ನು ಅರಿಯದ ಜನರ ತಪ್ಪು ತಿಳಿವಳಿಕೆ ಎನ್ನುವುದು ಒಂದು ಪಕ್ಷ. ಅವುಗಳಲ್ಲಿ ಅಡಗಿದ ವಿಜ್ಞಾನವಿದೆ ಎನ್ನುವುದು ಇನ್ನೊಂದು ಪಕ್ಷ. ಪರಸ್ಪರ ವಿರೋಧಿಗಳಂತೆ ಕಾಣುವ ಈ ಎರಡೂ ಪಕ್ಷಗಳು ಆಚರಣೆಯನ್ನು ತೂಗಲು ಒಂದೇ ತಕ್ಕಡಿಯನ್ನು ಬಳಸುತ್ತವೆ ಎಂಬುದು ಗಮನಾರ್ಹ.

ಈ ತಕ್ಕಡಿಯನ್ನು ಒದಗಿಸಿದವರಲ್ಲಿ ಜೇಮ್ಸ್ ಫ್ರೇಜರ್ ಪ್ರಮುಖ. 'ದಿ ಗೋಲ್ಡನ್ ಬೋ' ಗ್ರಂಥದ 1900ರ ಎರಡನೆಯ ಆವೃತ್ತಿಯಲ್ಲಿ ಆತ ಮಾಟವನ್ನು ವಿಜ್ಞಾನದ ಪಕ್ಕದಲ್ಲಿಟ್ಟು, ಧರ್ಮವನ್ನು ಅವೆರಡಕ್ಕೂ ಎದುರಾಗಿ ನಿಲ್ಲಿಸಿದ. ಮಾಟವೂ ವಿಜ್ಞಾನವೂ ಪ್ರಕೃತಿಗೆ ಮಾರ್ಪಡದ ಕ್ರಮವೊಂದಿದೆ ಎಂದು ನಂಬುತ್ತವೆ. ಧರ್ಮವಾದರೋ ಆ ಕ್ರಮವನ್ನು ಒಬ್ಬ ಚೇತನನು ಬದಲಿಸಬಲ್ಲನೆಂದು ನಂಬಿ ಅವನನ್ನು ಬೇಡುತ್ತದೆ. ಇದು ಫ್ರೇಜರನ ವಾದದ ಸಾರ. ಇಲ್ಲಿ ನಿಯಮಬದ್ಧತೆ ಮತ್ತು ದೈವಾಧೀನತೆ ಒಂದೆಡೆ ಇರಲಾರವು ಎಂಬ ಪೂರ್ವಗ್ರಹಿಕೆಯಿದೆ. ಅದು ಕ್ಷೇತ್ರಕಾರ್ಯದಿಂದ ದೊರೆತ ಫಲಿತವಲ್ಲ. ವಿಜ್ಞಾನದ ವೇಷ ತೊಟ್ಟು ಬಂದ ತಾತ್ತ್ವಿಕ ನಿಲುವು.

ಕನ್ನಡ ನಾಡಿನ ಸಾಮಗ್ರಿ ಈ ನಿಲುವನ್ನು ಪುಷ್ಟೀಕರಿಸುವುದಿಲ್ಲ. ಉತ್ತರ ಕರ್ನಾಟಕದಲ್ಲಿ ಮಳೆ ತಡೆದಾಗ ರೊಟ್ಟಿ ಸುಡುವ ಹೆಂಚಿನ ಮೇಲೆ ಸಗಣಿಯ ಗುರ್ಜಿಯನ್ನು ಮಾಡಿ, ಗರಿಕೆ ಸಿಕ್ಕಿಸಿ, ತಲೆಯ ಮೇಲೆ ಹೊತ್ತು ಮನೆಮನೆಗೆ ಹೋಗುತ್ತಾರೆ. ಮನೆಯವರು ಗುರ್ಜಿಯ ಮೇಲೆ ನೀರು ಸುರಿದು ಹಿಟ್ಟು, ಕಾಳು ನೀಡುತ್ತಾರೆ. ಇದೇ ರೈತಾಪಿ ಜನ ರೋಹಿಣಿ, ಮೃಗಶಿರ, ಆರಿದ್ರಾ ಮೊದಲಾದ ಮಳೆ ನಕ್ಷತ್ರಗಳ ಲೆಕ್ಕದಲ್ಲಿ ವರ್ಷವನ್ನು ಅಳೆಯುತ್ತಾರೆ. ಹದಿಮೂರು ಹದಿನಾಲ್ಕು ದಿನಗಳ ಒಂದೊಂದು ಮಳೆಗೂ ಯಾವ ಬಿತ್ತನೆ, ಯಾವ ಬೆಳೆ, ಯಾವ ಅಪಾಯ ಎಂಬುದನ್ನು ಗಾದೆಗಳಲ್ಲಿ ಕಾಯ್ದಿಟ್ಟಿದ್ದಾರೆ. ಈ ಲೆಕ್ಕ ಪ್ರಕೃತಿಯ ಕ್ರಮದ ಮೇಲಿನ ನಂಬುಗೆಯಲ್ಲದೆ ಬೇರೆಯಲ್ಲ. ಶಿವರಾತ್ರಿಯ ಬಿಸಿಲಿನಲ್ಲಿ ಗುರ್ಜಿ ಹೊರುವುದಿಲ್ಲ. ಬರಬೇಕಾದ ಮಳೆ ಬಾರದಿದ್ದಾಗ ಹೊರುತ್ತಾರೆ. ಕ್ರಮದ ಅರಿವಿಲ್ಲದವನಿಗೆ ಕ್ರಮ ತಪ್ಪಿತೆಂಬ ಅರಿವೂ ಇರಲಾರದು. ಹೀಗಾಗಿ ಇಲ್ಲಿ ಬೇಡಿಕೆಯು ನಿಯಮವನ್ನು ಅಲ್ಲಗಳೆಯುವುದಿಲ್ಲ, ಅದನ್ನೇ ಆಧರಿಸಿ ನಿಲ್ಲುತ್ತದೆ.

ಫ್ರೇಜರನ ಗ್ರಂಥವನ್ನು ಕುರಿತು ವಿಟ್ಗೆನ್‌ಸ್ಟೈನ್ 1931ರಿಂದ ಬರೆದು, 1967ರಲ್ಲಿ ಪ್ರಕಟವಾದ ಟಿಪ್ಪಣಿಗಳಲ್ಲಿ ಇದಕ್ಕೆ ಸಮೀಪದ ಮಾತಿದೆ. ಆಫ್ರಿಕದ ಮಳೆರಾಜನನ್ನು ಜನ ಮಳೆಗಾಲ ಬಂದಾಗಲೇ ಬೇಡುತ್ತಾರೆ, ಒಣಗಾಲದಲ್ಲಿ ಬೇಡುವುದಿಲ್ಲ. ಆದ್ದರಿಂದ ಅದು ಕೆಟ್ಟ ವಿಜ್ಞಾನವಲ್ಲ ಎಂಬುದು ಆತನ ಆಶಯ. ಈ ಒಳನೋಟವನ್ನು ಒಪ್ಪಬಹುದಾದರೂ ಆಚರಣೆಯನ್ನು ಕೇವಲ ಭಾವಾಭಿವ್ಯಕ್ತಿಯೆಂದು ಇಳಿಸುವುದು ಸಲ್ಲದು. ಗುರ್ಜಿ ಹೊತ್ತವರಿಗೆ ಬೇಕಾದುದು ಮಳೆಯೇ.

ಭಾರತೀಯ ದರ್ಶನಗಳು ಈ ಪ್ರಶ್ನೆಯ ಸ್ವರೂಪವನ್ನು ಇನ್ನಷ್ಟು ನಿಚ್ಚಳಗೊಳಿಸುತ್ತವೆ. ಮಳೆಗಾಗಿ ಮಾಡುವ ವೈದಿಕ ಕಾರೀರಿ ಇಷ್ಟಿಯನ್ನು ಒಪ್ಪಿದ ಮೀಮಾಂಸಕರು ಸೃಷ್ಟಿಕರ್ತನಾದ ಈಶ್ವರನನ್ನು ಒಪ್ಪಲಿಲ್ಲ. ಕರ್ಮವೇ ಫಲವನ್ನು ಕೊಡುತ್ತದೆಂದರು. ಮಳೆಯ ಆಚರಣೆಯಿದ್ದಲ್ಲೆಲ್ಲ ಮಳೆಯ ದೇವರು ಇರಲೇಬೇಕೆಂಬ ಊಹೆ ಇಲ್ಲಿ ಮುರಿಯುತ್ತದೆ. ಈಶ್ವರಕೃಷ್ಣನ ಸಾಂಖ್ಯದಲ್ಲಿ ಪ್ರಕೃತಿಯು ಈಶ್ವರನಿಲ್ಲದೆಯೇ ಪರಿಣಮಿಸುತ್ತದೆ. ಹದಿಮೂರನೆಯ ಶತಮಾನದ ಮಧ್ವಾಚಾರ್ಯರು 'ತತ್ತ್ವಸಂಖ್ಯಾನ'ದಲ್ಲಿ ತತ್ತ್ವವನ್ನು ಸ್ವತಂತ್ರ, ಅಸ್ವತಂತ್ರ ಎಂದು ವಿಭಾಗಿಸಿ, ವಿಷ್ಣುವೊಬ್ಬನೇ ಸ್ವತಂತ್ರ, ಪ್ರಕೃತಿಯೂ ಸೇರಿದಂತೆ ಉಳಿದುದೆಲ್ಲ ಅವನ ಅಧೀನ ಎಂದರು. ಇವರೆಲ್ಲರೂ ಕಂಡ ಮುಂಗಾರು ಒಂದೇ. ಭಿನ್ನಮತ ಹುಟ್ಟಿದ್ದು ವೀಕ್ಷಣೆಯಲ್ಲಲ್ಲ, ಕಂಡದ್ದರ ಅಸ್ತಿತ್ವಕ್ಕೆ ಆಧಾರವೇನು ಎಂಬ ವಿಚಾರದಲ್ಲಿ. ಯಾವ ಮಳೆಮಾಪಕವೂ ಈ ವಿವಾದವನ್ನು ಬಗೆಹರಿಸಲಾರದು.

ಇದಕ್ಕೆ ಒಂದು ಆಕ್ಷೇಪವನ್ನು ಎತ್ತಬಹುದು. ಗ್ರಹಗಳ ವ್ಯವಸ್ಥೆ ಕ್ರಮೇಣ ಕೆಡುವುದರಿಂದ ಅದನ್ನು ದೇವರು ಸರಿಪಡಿಸಬೇಕಾದೀತೆಂದು ನ್ಯೂಟನ್ ಭಾವಿಸಿದ್ದ. ಗುರು ಮತ್ತು ಶನಿಗ್ರಹಗಳ ಚಲನೆಯಲ್ಲಿ ಕಂಡ ವ್ಯತ್ಯಾಸವನ್ನು ಲಾಪ್ಲಾಸ್ ಗುರುತ್ವಾಕರ್ಷಣೆಯಿಂದಲೇ ವಿವರಿಸಿದ. ಇಲ್ಲಿ ವಿಜ್ಞಾನವೇ ತೀರ್ಪು ಕೊಟ್ಟಂತಾಯಿತಲ್ಲವೇ? ವಸ್ತುತಃ ಬಿದ್ದುಹೋದದ್ದು ಲೆಕ್ಕದ ತೆರಪನ್ನು ತುಂಬಲು ಕರೆತಂದ ದೇವರು ಮಾತ್ರ. ಲಾಪ್ಲಾಸನಿಗಿಂತ ಮೊದಲೇ, 1715ರಲ್ಲಿ, ಲೈಬ್‌ನಿಜ್ ನ್ಯೂಟನ್ನನ ದೇವರನ್ನು ತನ್ನ ಗಡಿಯಾರವನ್ನು ಆಗಾಗ ದುರಸ್ತಿ ಮಾಡಬೇಕಾದ ಕಸುಬುದಾರನೆಂದು ಆಕ್ಷೇಪಿಸಿದ್ದ. ತಪ್ಪದ ನಿಯಮವು ಅವನ ಪಾಲಿಗೆ ದೇವರ ಹಿರಿಮೆಯ ಗುರುತು. ಒಂದೇ ನಿಯಮಬದ್ಧತೆ ಒಬ್ಬನಿಗೆ ಪ್ರಕೃತಿಯ ಸ್ವಾತಂತ್ರ್ಯವಾಗಿ, ಮತ್ತೊಬ್ಬನಿಗೆ ಅದರ ಅಧೀನತೆಯಾಗಿ ಕಾಣಬಹುದಾದರೆ ನಿರ್ಣಯ ನಡೆಯಬೇಕಾದ ಕ್ಷೇತ್ರ ತತ್ತ್ವಶಾಸ್ತ್ರವೇ. ವಿವರಣೆಯಲ್ಲಿ ದೇವರನ್ನು ತರದಿರುವುದು ವಿಜ್ಞಾನದ ಕಾರ್ಯವಿಧಾನ. ಅದು ಬಹು ಫಲಪ್ರದವಾದ ವಿಧಾನವೂ ಹೌದು. ಹಿಮಾಲಯದ ಹಿಮವನ್ನು ಗಮನಿಸಿ ಬ್ಲಾನ್‌ಫರ್ಡ್ 1886ರಲ್ಲಿ ಮುಂಗಾರಿನ ಮುನ್ಸೂಚನೆಯನ್ನು ಆರಂಭಿಸಿದಂದಿನಿಂದ ಹವಾಮಾನಶಾಸ್ತ್ರ ಈ ಹಾದಿಯಲ್ಲೇ ಬೆಳೆದಿದೆ. ಆದರೆ ವಿಧಾನವನ್ನು ಶೋಧವೆಂದು ಎಣಿಸಬಾರದು.

ಹಾಗೆಂದು ಆಚರಣೆಗಳ ಮೇಲೆ ವಿಜ್ಞಾನಕ್ಕೆ ಅಧಿಕಾರವೇ ಇಲ್ಲವೆಂದು ವಾದಿಸುವುದು ಇನ್ನೂ ದೊಡ್ಡ ತಪ್ಪು. ಇಂಥ ಕ್ರಿಯೆಯಿಂದ ಇಂಥ ಫಲ ಎಂದು ಹೇಳಿದೊಡನೆ ಆ ಮಾತು ಪರೀಕ್ಷೆಗೆ ಒಳಪಡುತ್ತದೆ. ಬಹುಜನರ ಪ್ರಾರ್ಥನೆಗೆ ಪಾತ್ರರಾದ ಅರಸರು ಹೆಚ್ಚು ಕಾಲ ಬದುಕಿದರೇ ಎಂದು ಗಾಲ್ಟನ್ 1872ರಲ್ಲಿ ಕೇಳಿ, ಇಲ್ಲವೆಂದು ಅಂಕಿಅಂಶಗಳಿಂದ ತೋರಿಸಿದ. ಕರ್ನಾಟಕ ಸರ್ಕಾರ 2017ರಲ್ಲಿ 'ವರ್ಷಧಾರಿ' ಮೋಡ ಬಿತ್ತನೆಯನ್ನು ಕೈಗೊಂಡಿತು; 2019ರಲ್ಲಿ ಮುಜರಾಯಿ ದೇವಾಲಯಗಳಲ್ಲಿ ಮಳೆಗಾಗಿ ವಿಶೇಷ ಪೂಜೆಗೆ ಸೂಚಿಸಿತು. ಮಳೆ ಹೆಚ್ಚಿತೇ ಎಂಬ ಪ್ರಶ್ನೆ ಎರಡಕ್ಕೂ ಸಮಾನವಾಗಿ ಅನ್ವಯಿಸುತ್ತದೆ. ತೊನ್ನು ಇದ್ದವರ ಶವವನ್ನು ಹೂಳಿದರೆ ಮಳೆ ಹೋಗುತ್ತದೆಂಬ ನಂಬಿಕೆಯಿಂದ ಗೋರಿ ಅಗೆದು ಶವ ತೆಗೆಯುವ ರೂಢಿಯನ್ನಂತೂ ತತ್ತ್ವದ ಮರೆಯಲ್ಲಿ ರಕ್ಷಿಸಲಾಗದು. ಅಲ್ಲಿರುವುದು ಸುಳ್ಳಾದ ಕಾರ್ಯಕಾರಣ ಸಂಬಂಧ, ಸತ್ತವರಿಗೂ ಅವರ ಮನೆಯವರಿಗೂ ಮಾಡುವ ಅವಮಾನ.

ಒಟ್ಟಿನಲ್ಲಿ, ಆಚರಣೆಯು ಮಳೆ ತರುವುದೇ ಎಂಬುದು ವಿಜ್ಞಾನದ ಪ್ರಶ್ನೆ; ಮಳೆಯೂ ಅದರ ನಿಯಮವೂ ತಮ್ಮಷ್ಟಕ್ಕೆ ತಾವೇ ನಿಂತಿವೆಯೇ ಎಂಬುದು ತತ್ತ್ವಶಾಸ್ತ್ರದ ಪ್ರಶ್ನೆ. ಎರಡನ್ನೂ ಬೆರೆಸಿದ್ದರಿಂದಲೇ ಜಾನಪದ ವಿಮರ್ಶೆಯು ಗುರ್ಜಿಯನ್ನು ಮೌಢ್ಯವೆಂದು ತಳ್ಳುವ, ಇಲ್ಲವೇ ಗುಪ್ತವಿಜ್ಞಾನವೆಂದು ಮೆರೆಸುವ ಎರಡು ತುದಿಗಳ ನಡುವೆ ತೂಗಾಡಿದೆ. ನಕ್ಷತ್ರದ ಲೆಕ್ಕವನ್ನೂ ಗುರ್ಜಿಯ ಹೆಂಚನ್ನೂ ಒಂದೇ ಮನೆಯಲ್ಲಿ ಇಟ್ಟುಕೊಂಡು ಬಾಳಿದ ಜನರನ್ನು ಅರಿಯಲು ಈ ಎರಡು ಪ್ರಶ್ನೆಗಳನ್ನು ಬೇರ್ಪಡಿಸಿ ಕೇಳುವುದು ಅಗತ್ಯ.