ಹೂ ಕೊಡುವ ಉತ್ತರ

ದುರ್ಗಿಗುಡಿಯ ಹೂವಾಡಗಿತ್ತಿಗೆ ಯಾವ ದೇವರಿಗೆಂದು ಹೇಳಿದರೆ ಸಾಕು, ಹೂ ಅವಳೇ ಆರಿಸುತ್ತಾಳೆ. ದೇವಿಗೆ ಕೆಂಪು ದಾಸವಾಳ, ಶಿವನಿಗೆ ತುಂಬೆ, ಗಣಪತಿಗೆ ಎಕ್ಕ. ಘಮಘಮಿಸುವ ಕೇದಗೆಗೆ ಮಾತ್ರ ಶಿವಪೂಜೆಯಲ್ಲಿ ಜಾಗವಿಲ್ಲ. ಸುಳ್ಳುಸಾಕ್ಷಿ ಹೇಳಿತೆಂದು ಪುರಾಣದ ಶಾಪ. ನಾಗಪ್ಪನಿಗೆ ಅದೇ ಅಚ್ಚುಮೆಚ್ಚು.

ನನಗೆ ಬಹಳ ಹಿಡಿಸುವುದು ಹೂವಿನ ಪ್ರಸಾದ. ಮಗಳ ಮದುವೆಯೋ ಜಮೀನಿನ ವ್ಯಾಜ್ಯವೋ, ಮನಸ್ಸಿನಲ್ಲೇ ಕೇಳಿಕೊಂಡು ದೇವಿಯ ಮುಂದೆ ನಿಲ್ಲುತ್ತಾರೆ. ಮೂರ್ತಿಗೆ ಸಿಕ್ಕಿಸಿದ ಹೂ ಬಲಗಡೆಯಿಂದ ಬಿದ್ದರೆ ‘ಆಗಲಿ’, ಎಡಗಡೆಯಿಂದಾದರೆ ‘ತಡಿ’. (ಸಿಕ್ಕಿಸಿದ ಅರ್ಚಕರ ಕೈಚಳಕವೂ ತುಸು ಇದ್ದೀತು, ಇರಲಿ.) ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನವರು ಹೂಗಳ ಅರ್ಥಕ್ಕೆ ನಿಘಂಟನ್ನೇ ಅಚ್ಚುಹಾಕಿಸಿದ್ದರು. ಪ್ರಶ್ನೆಗೆ ಉತ್ತರ ಹೇಳುವ ನಮ್ಮ ಹೂ ಅದಕ್ಕಿಂತ ಒಂದು ಕೈ ಮೇಲು.

ಆ ಹೂವಾಡಗಿತ್ತಿಯ ಹತ್ತಿರ ಮಾರು ಮಲ್ಲಿಗೆಗೆ ಚೌಕಾಸಿ ಮಾಡಬೇಡಿ. ಕಟ್ಟಿದ ಬೆರಳುಗಳಿಗೆ ಸಿಗುವುದು ಮೊದಲೇ ಕಡಿಮೆ.