ತೆರಿಗೆ ರಿಯಾಯಿತಿ ಮತ್ತು ಕನ್ನಡ ಚಲನಚಿತ್ರ: ದಂಡು ಪ್ರದೇಶದ ನಿದರ್ಶನ

ರಾಜ್ಯ ಸರ್ಕಾರದ ತೆರಿಗೆ ರಿಯಾಯಿತಿಯಿಂದ ಕನ್ನಡ ಚಲನಚಿತ್ರೋದ್ಯಮವು ಬೆಳೆಯಿತೆಂಬ ಅಭಿಪ್ರಾಯ ಸಾಮಾನ್ಯವಾಗಿ ಮಾನ್ಯವಾಗಿದೆ. ಇದರಲ್ಲಿ ಸತ್ಯಾಂಶವಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ರಿಯಾಯಿತಿಯು ನೆರವಾದುದು ಚಿತ್ರದ ತಯಾರಿಕೆಗೋ, ಪ್ರದರ್ಶನಕ್ಕೋ ಎಂಬುದನ್ನು ಬೇರ್ಪಡಿಸಿ ನೋಡದ ಹೊರತು ಅದರ ಗುಣದೋಷಗಳ ನಿರ್ಣಯ ಸಾಧ್ಯವಿಲ್ಲ. ಬೆಂಗಳೂರಿನ ದಂಡು ಪ್ರದೇಶವೂ ಅದರ ಪೂರ್ವದ ಬಡಾವಣೆಗಳೂ ಇದಕ್ಕೆ ತಕ್ಕ ಒರೆಗಲ್ಲು.

ತಯಾರಿಕೆಯ ವಿಷಯವನ್ನು ಮೊದಲು ನೋಡೋಣ. ಕನ್ನಡದ ಮೊದಲ ವಾಕ್ಚಿತ್ರವಾದ 'ಸತಿ ಸುಲೋಚನಾ' (1934) ಚಿತ್ರೀಕರಣಗೊಂಡುದು ಕೊಲ್ಲಾಪುರದಲ್ಲಿ. ಆ ಮೇಲೆಯೂ ಬಹುಕಾಲ ನಮ್ಮ ನಿರ್ಮಾಪಕರು ಮದರಾಸಿನ ಸ್ಟುಡಿಯೋಗಳನ್ನೇ ಆಶ್ರಯಿಸಿದ್ದರು. ರಾಜ್ಯದೊಳಗೆ ತಯಾರಾದ ಚಿತ್ರಗಳಿಗೆ ಸಹಾಯಧನವನ್ನೂ, 1958ರ ಮನರಂಜನಾ ತೆರಿಗೆ ಕಾಯಿದೆಯಡಿ ಕನ್ನಡ ಚಿತ್ರಗಳಿಗೆ ವಿನಾಯಿತಿಯನ್ನೂ ಕೊಡುತ್ತ ಬಂದುದು ಉದ್ಯಮವನ್ನು ನಾಡಿಗೆ ಮರಳಿ ತರುವುದಕ್ಕಾಗಿ. ಈ ಉದ್ದೇಶ ಬಹುಮಟ್ಟಿಗೆ ಕೈಗೂಡಿತು.

ಪ್ರದರ್ಶನದ ಮಾತು ಹಾಗಲ್ಲ. 1881ರಿಂದ 1947ರವರೆಗೆ ದಂಡು ಪ್ರದೇಶವು ಮೈಸೂರು ಸಂಸ್ಥಾನದ ಆಡಳಿತಕ್ಕೆ ಒಳಪಡದೆ ಬ್ರಿಟಿಷರ ಕೈಯಲ್ಲಿತ್ತು. ತಮಿಳು, ಉರ್ದು, ಇಂಗ್ಲಿಷ್ ನುಡಿಗಳ ಜನ ಅಲ್ಲಿ ನೆಲೆಸಿದ್ದರು. ಚಿತ್ರಮಂದಿರಗಳೂ ಆ ಅಭಿರುಚಿಯನ್ನೇ ಅನುಸರಿಸಿದವು. ಪ್ಲಾಜಾ, ರೆಕ್ಸ್‌ಗಳು ಇಂಗ್ಲಿಷ್ ಚಿತ್ರಗಳಿಗೆ ಹೆಸರಾದವು. ಶಿವಾಜಿನಗರ, ಹಲಸೂರುಗಳಲ್ಲಿ ತಮಿಳು, ಹಿಂದಿ ಚಿತ್ರಗಳ ಪ್ರಾಬಲ್ಯವಿತ್ತು. ವಿನಾಯಿತಿಯೆಂಬುದು ಮಾರಾಟವಾದ ಟಿಕೆಟ್ಟಿನ ಮೇಲಿನದಷ್ಟೆ. ಕನ್ನಡ ಚಿತ್ರವೇ ನಡೆಯದ ಮಂದಿರದಲ್ಲಿ ಅದು ಬರಿಯ ಕಾಗದದ ಉಪಕಾರ. ರಾಜಧಾನಿಯ ಅರ್ಧಭಾಗಕ್ಕೆ ಕನ್ನಡ ಚಿತ್ರವನ್ನು ಕೊಂಡೊಯ್ಯುವ ಶಕ್ತಿ ಈ ಏರ್ಪಾಟಿಗೆ ಇರಲಿಲ್ಲವೆಂದೇ ನಮ್ಮ ಮತ.

2017ರ ಜುಲೈಯಲ್ಲಿ ಸರಕು ಮತ್ತು ಸೇವಾ ತೆರಿಗೆ ಬಂದ ಮೇಲೆ ರಾಜ್ಯದ ಮನರಂಜನಾ ತೆರಿಗೆ ಅದರಲ್ಲಿ ಲೀನವಾಯಿತು. ಈಗ ರಾಜ್ಯವು ಬಿಟ್ಟುಕೊಡಬಲ್ಲುದು ತನ್ನ ಅರ್ಧ ಪಾಲನ್ನು ಮಾತ್ರ. 2025ರ ಸೆಪ್ಟೆಂಬರಿನಿಂದ 100 ರೂಪಾಯಿವರೆಗಿನ ಟಿಕೆಟ್ಟಿಗೆ ತೆರಿಗೆ ಶೇಕಡ 5, ಅದಕ್ಕೆ ಮೇಲ್ಪಟ್ಟುದಕ್ಕೆ ಶೇಕಡ 18. ತೆರಿಗೆ ಸೇರದ ಬೆಲೆ 90 ರೂಪಾಯಿ ಇದ್ದರೆ ರಾಜ್ಯದ ಪಾಲು 2 ರೂಪಾಯಿ 25 ಪೈಸೆ; 400 ಇದ್ದರೆ 36 ರೂಪಾಯಿ. ಅಂದರೆ ರಿಯಾಯಿತಿಯಿಂದ ಹಳೆಯ ಮಂದಿರದ ಅಗ್ಗದ ಆಸನದಲ್ಲಿ ಕುಳಿತವನಿಗೆ ಉಳಿಯುವುದು ಬೆಲೆಯ ಶೇಕಡ ಎರಡೂವರೆ. ಇಂದಿರಾನಗರದ ಸುತ್ತಿನ, ಕೃಷ್ಣರಾಜಪುರದ ಕಡೆಯ ಮಾಲ್‌ಗಳಲ್ಲಿ ದುಬಾರಿ ಆಸನ ಹಿಡಿದವನಿಗೆ ಶೇಕಡ ಒಂಬತ್ತು. ಹೆಚ್ಚು ತೆತ್ತವನಿಗೆ ಹೆಚ್ಚು ಉಳಿಯುವುದು ಗಣಿತಕ್ಕೆ ಸಹಜವೆನ್ನಬಹುದು. ಸಾಂಸ್ಕೃತಿಕ ನೀತಿಗೆ ಅದು ಭೂಷಣವಲ್ಲ. ಹಳೆಯ ಮಂದಿರಗಳಾದರೂ ಉಳಿದಿವೆಯೇ? ಪ್ಲಾಜಾ ಮೆಟ್ರೋ ನಿಲ್ದಾಣಕ್ಕೆ ಎಡೆಗೊಟ್ಟಿತು; ಲಿಡೋ ಇದ್ದೆಡೆ ಮಾಲ್ ಎದ್ದಿದೆ; ರೆಕ್ಸ್ 2018ರ ಕೊನೆಗೆ ಬಾಗಿಲು ಮುಚ್ಚಿತು.

ಇನ್ನೊಂದು ದೋಷವನ್ನೂ ಗಮನಿಸಬೇಕು. 2022ರಲ್ಲಿ '777 ಚಾರ್ಲಿ' ಚಿತ್ರಕ್ಕೆ ಆರು ತಿಂಗಳ ಕಾಲ ರಾಜ್ಯದ ಪಾಲಿನ ತೆರಿಗೆಯನ್ನು ಬಿಟ್ಟುದು ಅದು ತೆರೆಕಂಡು ಜನರ ಮೆಚ್ಚುಗೆ ಗಳಿಸಿದ ಮೇಲೆ. ಆ ಚಿತ್ರದ ಯೋಗ್ಯತೆಯನ್ನು ನಾವು ಪ್ರಶ್ನಿಸುವುದಿಲ್ಲ. ಆದರೆ ಬಿಡಿ ಬಿಡಿ ಆದೇಶಗಳ ಪದ್ಧತಿಯಲ್ಲಿ ಗೆದ್ದ ಚಿತ್ರಕ್ಕೆ ನೆರವು ದೊರೆಯಬಹುದು. ಒಂದು ವಾರದಲ್ಲೇ ಮಂದಿರದಿಂದ ಹೊರಬೀಳುವ ಸಣ್ಣ ಚಿತ್ರಕ್ಕೆ ಅದು ತಲಪುವುದೇ ಇಲ್ಲ.

ಭಾಷೆಯ ಆಧಾರದ ಮೇಲೆ ತೆರಿಗೆಯ ದರವನ್ನೇ ಬೇರೆಯಾಗಿಸುವ ದಾರಿಯೂ ಸುಗಮವಲ್ಲ. ಆಂಧ್ರಪ್ರದೇಶವು ತೆಲುಗು ಚಿತ್ರಗಳಿಗೆ ಕಡಮೆ ದರವನ್ನೂ ಇತರ ಭಾಷೆಯವಕ್ಕೆ ಹೆಚ್ಚಿನ ದರವನ್ನೂ ವಿಧಿಸಿದ್ದುದನ್ನು ಸರ್ವೋಚ್ಚ ನ್ಯಾಯಾಲಯ 2007ರಲ್ಲಿ ಸಮಾನತೆಯ ತತ್ತ್ವಕ್ಕೆ ವಿರುದ್ಧವೆಂದು ತಳ್ಳಿಹಾಕಿತು.

ಆದುದರಿಂದ ನೆರವಿನ ಅಳತೆಗೋಲು ಟಿಕೆಟ್ಟಿನ ಬೆಲೆಯಾಗಿರದೆ ಪ್ರದರ್ಶನಗಳ ಸಂಖ್ಯೆಯಾಗಿರಬೇಕೆಂದು ನಾವು ಸೂಚಿಸುತ್ತೇವೆ. ಕನ್ನಡ ಚಿತ್ರಗಳು ವಿರಳವಾಗಿರುವ ಬಡಾವಣೆಯಲ್ಲಿ, ಕಡಮೆ ದರದಲ್ಲಿ, ಜನರಿಗೆ ಅನುಕೂಲವಾದ ವೇಳೆಯಲ್ಲಿ ಅವನ್ನು ತೋರಿಸುವ ಮಂದಿರಕ್ಕೆ ನಿಯತವಾದ ಸಹಾಯ ಸಲ್ಲಲಿ. ಹಲಸೂರಿನ ತಮಿಳು ಪ್ರೇಕ್ಷಕನೂ ಶಿವಾಜಿನಗರದ ಉರ್ದು ಪ್ರೇಕ್ಷಕನೂ ಕನ್ನಡ ಚಿತ್ರಕ್ಕೆ ಹಗೆಗಳಲ್ಲ. ಅವರ ಬೀದಿಗೆ ಅದು ಹೋಗಿರುವುದೇ ಅಪರೂಪ. ತಯಾರಾದ ಚಿತ್ರವು ನೋಡುವವನನ್ನು ತಲಪಿದಾಗಲೇ ರಾಜ್ಯದ ಬೊಕ್ಕಸದ ತ್ಯಾಗ ಸಾರ್ಥಕವಾದೀತು.